ಎಲೆಕ್ಟ್ರಿಕ್ ಪಿಕಪ್‌ನ ದೊಡ್ಡ ಟಚ್‌ಸ್ಕ್ರೀನ್ ಜೊತೆ ಎರಡು ಚಳಿಗಾಲ ಕಳೆದೆ, ನಿಮ್ಮ ಅನುಭವನೂ ಹೇಳಿ

ತಿಪಟೂರು_ತೆಂಗು (ಮಿನ್ನೆಸೋಟ, ಅಮೆರಿಕ)

ಎಲ್ರಿಗೂ ನಮಸ್ಕಾರ. ಸ್ವಲ್ಪ ಉದ್ದ ಬರೀತೀನಿ, ದಯವಿಟ್ಟು ಪೂರ್ತಿ ಓದಿ.

ಎರಡು ವರ್ಷದ ಹಿಂದೆ ಎಲೆಕ್ಟ್ರಿಕ್ ಪಿಕಪ್ ತಗೊಂಡೆ. ಕಂಪನಿ ಹೆಸರು ಬರೆಯಲ್ಲ, ನಾನು ಹೇಳೋಕೆ ಹೊರಟಿರೋದು ಒಂದು ಕಂಪನಿ ಮಾತಲ್ಲ. ಗಾಡಿ ಅಂದ್ರೆ ಪ್ರಾಣ ನಂಗೆ. ಹಿಮದಲ್ಲಿ ನಾಲ್ಕೂ ಚಕ್ರ ಹಿಡ್ಕೊಂಡು ಹೋಗೋ ರೀತಿ, ಬೆಳಗ್ಗೆ ಮನೆ ಒಳಗಿಂದಾನೇ ಫೋನಲ್ಲಿ ಕ್ಯಾಬಿನ್ ಬೆಚ್ಚಗೆ ಮಾಡ್ಕೊಂಡು ಹೊರಡೋ ಸುಖ, ಹಿಂದಿನ ಸಾಮಾನು ತುಂಬೋ ಬೆಡ್‌ನಲ್ಲೇ ಪ್ಲಗ್ ಇರೋದ್ರಿಂದ ಗರಗಸ ಡ್ರಿಲ್ ಎಲ್ಲಾ ಅಲ್ಲೇ ಓಡಿಸ್ಬೋದು, ಇದೆಲ್ಲ ಬಿಟ್ಟು ಪೆಟ್ರೋಲ್ ಗಾಡಿಗೆ ನಾನಂತೂ ವಾಪಸ್ ಹೋಗಲ್ಲ. ಆದ್ರೆ ಮಧ್ಯದಲ್ಲಿರೋ ಆ ದೊಡ್ಡ ಸ್ಕ್ರೀನ್ ಬಗ್ಗೆ ಎರಡು ವರ್ಷದಿಂದ ಮನಸಲ್ಲೇ ಇಟ್ಕೊಂಡಿರೋದನ್ನ ಇವತ್ತು ಹೇಳ್ಬೇಕು.

ನಮ್ಮಲ್ಲಿ ಜನವರಿಲಿ ಮೈನಸ್ 25 ಡಿಗ್ರಿ ಸೆಲ್ಸಿಯಸ್ ಮಾಮೂಲು. ಕೈಗೆ ದಪ್ಪ ಗ್ಲೌಸ್ ಹಾಕ್ದೆ ಗಾಡಿ ಮೇಲಿನ ಹಿಮ ಕೆರೆಯೋಕಾಗಲ್ಲ. ಕೆರೆದು ಒಳಗೆ ಕೂತಾಗ ಗ್ಲೌಸ್ ಬೆರಳಿಗೆ ಸ್ಕ್ರೀನ್ ಜಪ್ಪಯ್ಯ ಅನ್ನಲ್ಲ. ಗ್ಲೌಸ್ ತೆಗೆದು ಒತ್ಬೇಕು, ಆಮೇಲೆ ಹಾಕ್ಕೋಬೇಕು. ಟೋಪಿ ಮೇಲಿನ ಹಿಮ ಕರಗಿ ಒಂದು ಹನಿ ಸ್ಕ್ರೀನ್ ಮೇಲೆ ಬಿದ್ದು ಕೆಳಗೆ ಜಾರಿದ್ರೆ, ಅದು ಜಾರಿದ ದಾರಿಲಿರೋದನ್ನೆಲ್ಲ ಒತ್ತಿದ ಹಾಗೆ ಆಗುತ್ತೆ. ಒಂದ್ಸಲ ಹಾಗೇ 70 ಡಿಗ್ರಿ ಫ್ಯಾರನ್‌ಹೀಟಲ್ಲಿದ್ದ ಹೀಟರ್ 82ಕ್ಕೆ ಹೋಯ್ತು. ಬೆರಳು ಒತ್ತಿದ್ರೆ ಕೇಳಲ್ಲ, ನೀರು ಬಿದ್ರೆ ಕೇಳುತ್ತೆ.

ಇದೆಲ್ಲ ಸಹಿಸ್ಕೋಬೋದು. ಸಹಿಸೋಕಾಗದೇ ಇರೋದು ಹೋದ ಡಿಸೆಂಬರ್‌ನಲ್ಲಿ ಆಯ್ತು. ಡುಲೂತ್‌ನಿಂದ ಐ-35 ಹೈವೇಲಿ ದಕ್ಷಿಣಕ್ಕೆ ಬರ್ತಿದ್ದೆ, ಸಾಯಂಕಾಲ ಐದು ಗಂಟೆ, ಅಂದ್ರೆ ಇಲ್ಲಿ ಆಗ್ಲೇ ಕತ್ತಲು. ಹಿಂದೆ ಟ್ರೇಲರ್ ಇತ್ತು, ಅದ್ರಲ್ಲಿ ಸ್ನೇಹಿತರೊಬ್ರ ಮನೆ ಸಾಮಾನು. ಟ್ರೇಲರ್ ಮೇಲೆ ಕಣ್ಣಿರ್ಲಿ ಅಂತ ಹಿಂದಿನ ಕ್ಯಾಮೆರಾನ ಸ್ಕ್ರೀನ್ ತುಂಬ ಹಾಕ್ಕೊಂಡಿದ್ದೆ. ಪಕ್ಕದಲ್ಲಿ ಹೋದ ದೊಡ್ಡ ಲಾರಿ ರಸ್ತೆ ಮೇಲಿನ ಕೆಸರು ಹಿಮಾನ ಬಕೆಟಲ್ಲಿ ಎರಚಿದ ಹಾಗೆ ಗಾಜಿಗೆ ಎರಚ್ತು. ವೈಪರ್ ಓಡ್ತು, ಅದೇನೋ ಸ್ಟೀರಿಂಗ್ ಪಕ್ಕದ ಕಡ್ಡೀಲಿದೆ, ಸದ್ಯ. ಆದ್ರೆ ಅದೇ ಹೊತ್ತಿಗೆ ಒಳಗಡೆಯಿಂದ ಗಾಜಿಗೆ ಆವಿ ಕಟ್ತು. ಡಿಫ್ರಾಸ್ಟ್ ಬೇಕು, ಅಂದ್ರೆ ಗಾಜಿಗೆ ಗಾಳಿ ಊದಿ ಆವಿ ತೆಗೆಯೋದು. ಡಿಫ್ರಾಸ್ಟ್ ಇರೋದು ಸ್ಕ್ರೀನ್ ಕೆಳಗಿನ ಸಾಲಲ್ಲಿ, ಆ ಸಾಲು ಕ್ಯಾಮೆರಾ ಚಿತ್ರದ ಅಡೀಲಿ ಮುಚ್ಚೋಗಿದೆ. ಮೊದಲು ಕ್ಯಾಮೆರಾ ಮುಚ್ಬೇಕು, ಮುಚ್ಚೋ ಗುರುತು ಮೇಲಿನ ಮೂಲೇಲಿ ಹೆಬ್ಬೆರಳು ಉಗುರಷ್ಟಿದೆ. ರಸ್ತೆ ನೋಡಿದೆ, ಸ್ಕ್ರೀನ್ ನೋಡಿದೆ, ಒತ್ತಿದೆ, ಗಾಡಿ ಕುಲುಕಿ ಬೆರಳು ಪಕ್ಕಕ್ಕೆ ಬಿತ್ತು, ಮತ್ತೆ ರಸ್ತೆ, ಮತ್ತೆ ಸ್ಕ್ರೀನ್. ಎಲ್ಲಾ ಸೇರಿ ನಾಲ್ಕೈದು ಸೆಕೆಂಡ್ ಇರ್ಬೋದು ಅಷ್ಟೇ. ಗಂಟೆಗೆ 60 ಮೈಲಿ ಅಂದ್ರೆ ಸೆಕೆಂಡಿಗೆ 88 ಅಡಿ. ನಾಲ್ಕು ಸೆಕೆಂಡಿಗೆ 350 ಅಡಿ ಮೇಲೆ. ಅಷ್ಟು ದೂರ ಅರ್ಧಂಬರ್ಧ ಕಣ್ಣಲ್ಲಿ ಟ್ರೇಲರ್ ಎಳ್ಕೊಂಡು ಹೋದೆ. ಏನೂ ಆಗ್ಲಿಲ್ಲ, ದೇವ್ರ ದಯೆ. ಮನೆಗೆ ಬಂದು ಗ್ಯಾರೇಜಲ್ಲಿ ಗಾಡಿ ನಿಲ್ಸಿ ಹತ್ತು ನಿಮಿಷ ಇಳೀಲೇ ಇಲ್ಲ ನಾನು.

ನನ್ನ ಹಳೇ ಪಿಕಪ್‌ನಲ್ಲಿ ಡಿಫ್ರಾಸ್ಟ್ ಒಂದು ತಿರುಗಿಸೋ ನಾಬ್ ಆಗಿತ್ತು, ಬಲಗಡೆ ಕೊನೇವರೆಗೂ ತಿರುಗಿಸಿದ್ರೆ ಮುಗೀತು, ಗ್ಲೌಸ್ ಹಾಕ್ಕೊಂಡೇ, ಕತ್ತಲಲ್ಲೇ. ಹನ್ನೊಂದು ವರ್ಷ ಆ ನಾಬ್‌ನ ಕಣ್ಣಲ್ಲಿ ಹುಡುಕಿದ ನೆನಪೇ ಇಲ್ಲ.

ನಿಮ್ಮ ಗಾಡೀಲಿ ಹೇಗಿದೆ? ಹೇಗೆ ಹೊಂದ್ಕೊಂಡಿದೀರಿ?

---

ಮಂಡ್ಯ_ರಾಗಿ (ಕ್ಯಾಲಿಫೋರ್ನಿಯಾ)

ಅಣ್ಣ ಓದಿ ಮೈ ಜುಮ್ಮಂತು, ಹುಷಾರಾಗಿ ಬಂದ್ರಲ್ಲ ಅದೇ ದೊಡ್ಡದು. ಆದ್ರೂ ಸ್ಕ್ರೀನ್ ಪರವಾಗಿ ಒಂದ್ಮಾತು ಹೇಳ್ತೀನಿ, ಬೇಜಾರ್ ಮಾಡ್ಕೋಬೇಡಿ.

ನಂದೂ ಎಲೆಕ್ಟ್ರಿಕ್ ಪಿಕಪ್ಪೇ, ಸ್ಕ್ರೀನೇ ಎಲ್ಲ. ಮೊದಲ ತಿಂಗಳು ಕಷ್ಟ ಆಯ್ತು, ಈಗ ಎಲ್ಲಾ ಆಟೋಮ್ಯಾಟಿಕ್ಕಿಗೆ ಬಿಟ್ಟಿದೀನಿ, ತಿಂಗಳಿಗೊಂದ್ಸಲನೂ ಹೀಟರ್ ಎಸಿ ಮುಟ್ಟಲ್ಲ. ಚಾರ್ಜಿಂಗ್ ಎಲ್ಲಿದೆ, ಅಲ್ಲಿಗೆ ಹೋಗೋ ಹೊತ್ತಿಗೆ ಬ್ಯಾಟರಿ ಎಷ್ಟುಳಿಯುತ್ತೆ, ಟ್ರೇಲರ್ ಹಾಕಿದ್ರೆ ಎಷ್ಟು ಕಮ್ಮಿ ಆಗುತ್ತೆ, ಇದೆಲ್ಲ ಅಷ್ಟು ದೊಡ್ಡ ಮ್ಯಾಪ್ ಮೇಲೆ ಕಣ್ಣಿಗೆ ಹೊಡ್ಯೋ ಹಾಗೆ ಬರೋದು ಎಲೆಕ್ಟ್ರಿಕ್ ಗಾಡಿಗೆ ತುಂಬಾ ಮುಖ್ಯ ಕಣಣ್ಣ. ಚಿಕ್ಕ ಸ್ಕ್ರೀನಲ್ಲಿ ಸಾಧ್ಯ ಇಲ್ಲ. ಮತ್ತೆ ಗಾಡಿ ತಗೊಂಡ್ಮೇಲೂ ಹೊಸ ಸೌಕರ್ಯ ಬರ್ತಾ ಇರುತ್ತೆ. 2024ರಲ್ಲಿ ಟೆಸ್ಲಾದವ್ರು ಸುಮಾರು 22 ಲಕ್ಷ ಗಾಡಿ ರೀಕಾಲ್ ಮಾಡಿದ್ರಲ್ಲ, ಅಂದ್ರೆ ದೋಷ ಸರಿಮಾಡೋಕೆ ವಾಪಸ್ ಕರೆದ್ರಲ್ಲ, ಬ್ರೇಕ್, ಪಾರ್ಕ್, ಎಬಿಎಸ್ ಎಚ್ಚರಿಕೆ ದೀಪದ ಅಕ್ಷರ ನಿಯಮಕ್ಕಿಂತ ಚಿಕ್ಕದಾಗಿದೆ ಅಂತ, ಅವ್ರ ಪಿಕಪ್ ಸೈಬರ್‌ಟ್ರಕ್ಕೂ ಸೇರಿ. ಯಾರೂ ಶೋರೂಮಿಗೆ ಹೋಗ್ಲಿಲ್ಲ, ಸಾಫ್ಟ್‌ವೇರ್ ಅಪ್‌ಡೇಟಲ್ಲೇ ಅಕ್ಷರ ದೊಡ್ಡದಾಯ್ತು. ಅಚ್ಚು ಹಾಕಿದ ಬಟನ್ ಆಗಿದ್ರೆ?

---

ತಿಪಟೂರು_ತೆಂಗು

ಬೇಜಾರೇನಿಲ್ಲಪ್ಪ. ಮ್ಯಾಪ್ ಬಗ್ಗೆ ನೀನ್ ಹೇಳಿದ್ದು ನೂರಕ್ಕೆ ನೂರು ಸರಿ, ಆ ಮ್ಯಾಪ್ ಕಿತ್ಕೊಂಡ್ರೆ ನಾನೇ ಜಗಳ ಆಡ್ತೀನಿ. ಸ್ಕ್ರೀನ್ ಬೇಡ ಅಂತ ನಾನು ಹೇಳ್ತಿಲ್ಲ. ಗಾಡಿ ಓಡ್ತಿರೋವಾಗ ಥಟ್ ಅಂತ ಬೇಕಾಗೋದು ನಾಲ್ಕೇ ನಾಲ್ಕು: ಡಿಫ್ರಾಸ್ಟ್, ವೈಪರ್, ಹಜಾರ್ಡ್ ಲೈಟ್ (ತುರ್ತಲ್ಲಿ ಎಲ್ಲಾ ಇಂಡಿಕೇಟರ್ ಒಟ್ಟಿಗೆ ಮಿಣುಕೋದು), ಟ್ರೇಲರ್ ಕಟ್ಟಿದ್ರೆ ಟ್ರೇಲರ್ ಬ್ರೇಕ್. ಈ ನಾಲ್ಕು ಕೈಗೆ ಸಿಗ್ಲಿ, ಮಿಕ್ಕಿದ್ದು ಸ್ಕ್ರೀನಲ್ಲಿ ಎಲ್ಲಾದ್ರೂ ಇರ್ಲಿ. ಮತ್ತೆ ನಿನ್ನ ಊರಲ್ಲಿ ಆಟೋ ಸಾಕಾಗುತ್ತೆ, ಅಲ್ಲಿ ಹವಾ ಒಂದೇ ಥರ ಇರುತ್ತೆ. ಇಲ್ಲಿ ಮೂರು ಜನ ಹಿಮದ ಬೂಟಲ್ಲಿ ಹತ್ತಿ ಕೂತ್ರೆ ಒಳಗಿನ ತೇವಾನೇ ಬೇರೆ ಆಗೋಗುತ್ತೆ, ಆಟೋಗೆ ಅದು ಗೊತ್ತಾಗೋ ಹೊತ್ತಿಗೆ ಗಾಜು ಬೆಳ್ಳಗಾಗಿರುತ್ತೆ.

---

ಸ್ಕ್ರೀನ್_ಕೆಲಸ_ಬೆಂಗಳೂರು

ಸರ್, ನಾನು ಕಾರಿನ ಡಿಸ್‌ಪ್ಲೇಗಳಿಗೆ ಸಾಫ್ಟ್‌ವೇರ್ ಬರೆಯೋ ಕೆಲಸದಲ್ಲಿ ಒಂಬತ್ತು ವರ್ಷದಿಂದ ಇದೀನಿ, ಅದಕ್ಕೇ ಇದನ್ನ ಓದಿ ಸುಮ್ನಿರೋಕಾಗ್ಲಿಲ್ಲ. ಒಳಗಿನ ಕೆಲವು ವಿಷಯ ಹೇಳ್ತೀನಿ.

ಮೊದಲು ಗ್ಲೌಸ್ ಮತ್ತೆ ನೀರಿಂದು. ಈ ಸ್ಕ್ರೀನ್ ಒತ್ತಡಾನ ಗುರುತಿಸಲ್ಲ. ಗಾಜಿನ ಅಡೀಲಿ ಕಣ್ಣಿಗೆ ಕಾಣದ ತೆಳು ವಾಹಕದ ಜಾಲ ಇರುತ್ತೆ, ಅದರ ಸುತ್ತ ಸಣ್ಣ ವಿದ್ಯುತ್ ಕ್ಷೇತ್ರ. ನಮ್ಮ ದೇಹ ವಿದ್ಯುತ್ ವಾಹಕ ಆಗಿರೋದ್ರಿಂದ ಬೆರಳು ಹತ್ರ ಬಂದಾಗ ಆ ಕ್ಷೇತ್ರದಲ್ಲಿ ವ್ಯತ್ಯಾಸ ಆಗುತ್ತೆ, ಅದನ್ನೇ ಟಚ್ ಅಂತ ಎಣಿಸೋದು. ದಪ್ಪ ಉಣ್ಣೆ ಗ್ಲೌಸ್ ಬೆರಳನ್ನ ದೂರ ಇಡುತ್ತೆ, ಹಾಗಾಗಿ ಗೊತ್ತಾಗಲ್ಲ. ನೀರೂ ವಾಹಕವೇ, ಹಾಗಾಗಿ ಹನಿ ಕೂಡ ಬೆರಳಿನ ಥರಾನೇ ಕಾಣುತ್ತೆ. ಗ್ಲೌಸ್‌ಗೆ ಅಂತ ಸೂಕ್ಷ್ಮತೆ ಜಾಸ್ತಿ ಮಾಡಿದ್ರೆ ನೀರಿಗೆ ಇನ್ನೂ ಜಾಸ್ತಿ ಮೋಸ ಹೋಗುತ್ತೆ, ನೀರಿಗೆ ಅಂತ ಕಮ್ಮಿ ಮಾಡಿದ್ರೆ ಗ್ಲೌಸ್ ಕೆಲಸ ಮಾಡಲ್ಲ. ಎರಡನ್ನೂ ಸಂಭಾಳಿಸೋಕೆ ನಮ್ಮ ಕಡೆ ಜನ ನಿಜವಾಗ್ಲೂ ಒದ್ದಾಡ್ತಾರೆ.

ಇನ್ನು ಎಲ್ಲಾ ಸ್ಕ್ರೀನಿಗೆ ಯಾಕೆ ಹೋಯ್ತು ಅಂದ್ರೆ ದುಡ್ಡೊಂದೇ ಕಾರಣ ಅಲ್ಲ. ಅಮೆರಿಕದಲ್ಲಿ 2018ರ ಮೇ ತಿಂಗಳಿಂದ ಹೊಸ ಕಾರು, ಪಿಕಪ್ ಎಲ್ಲಕ್ಕೂ ಹಿಂದಿನ ಕ್ಯಾಮೆರಾ ಕಡ್ಡಾಯ. ರಿವರ್ಸ್ ತಗೊಳ್ಳೋವಾಗ ಮಕ್ಕಳು ಗಾಡಿ ಹಿಂದೆ ಸಿಕ್ಕಿ ಸಾಯ್ತಿದ್ದಿದ್ದನ್ನ ತಡೆಯೋಕೆ ಬಂದ ನಿಯಮ ಅದು, ಒಳ್ಳೇ ನಿಯಮ. ಅಂದ್ಮೇಲೆ ಎಲ್ಲಾ ಗಾಡೀಲೂ ಒಂದು ಸ್ಕ್ರೀನ್ ಹೇಗೂ ಇರ್ಲೇಬೇಕು. ಇದ್ಮೇಲೆ ಅದ್ರಲ್ಲೇ ಮಿಕ್ಕಿದ್ದೂ ಹಾಕೋಣ ಅನ್ಸುತ್ತೆ. ಒಂದು ನಾಬ್ ಅಂದ್ರೆ ಅಚ್ಚು, ಸ್ಪ್ರಿಂಗು, ವೈರು, ಹಿಂದಿನ ದೀಪ, ಲಕ್ಷ ಸಲ ತಿರುಗಿಸಿ ಪರೀಕ್ಷೆ, ಅದ್ರ ಜಾಗಾನ ಎರಡು ಮೂರು ವರ್ಷ ಮುಂಚೆ ನಿರ್ಧಾರ ಮಾಡ್ಬೇಕು. ಸ್ಕ್ರೀನ್ ಮೇಲಿನ ಬಟನ್ನ ಗಾಡಿ ಮಾರಾಟ ಆದ್ಮೇಲೂ ಅತ್ಲಾಗೆ ಇತ್ಲಾಗೆ ಸರಿಸ್ಬೋದು. ಇಲ್ಲೇ ತಪ್ಪಾಗ್ತಿರೋದು ಅಂತ ನನ್ನ ಅಭಿಪ್ರಾಯ. ಸರಿಸೋಕಾಗುತ್ತೆ ಅಂತ ಸರಿಸ್ತೀವಿ, ಓಡಿಸೋರ ಬೆರಳು ಕಲ್ತಿದ್ದ ಜಾಗ ಒಂದು ರಾತ್ರೀಲಿ ಬದಲಾಗುತ್ತೆ.

ಅಮೆರಿಕದ ರಸ್ತೆ ಸುರಕ್ಷತಾ ಇಲಾಖೆ 2013ರಲ್ಲೇ ಮಾರ್ಗಸೂಚಿ ಕೊಟ್ಟಿತ್ತು, ಒಂದು ಸಲ ಕಣ್ಣು ರಸ್ತೆ ಬಿಟ್ಟು 2 ಸೆಕೆಂಡ್ ದಾಟಬಾರ್ದು, ಒಂದು ಕೆಲಸಕ್ಕೆ ಒಟ್ಟು 12 ಸೆಕೆಂಡ್ ಮೀರಬಾರ್ದು ಅಂತ. ಕಡ್ಡಾಯ ಅಲ್ಲ, ಸಲಹೆ ಅಷ್ಟೇ. ನಾವು ಪರೀಕ್ಷೆ ಮಾಡೋದು ಬೆಚ್ಚಗಿನ ಕೋಣೇಲಿ, ಒಣ ಬೆರಳಲ್ಲಿ, ಗಾಡಿ ಕುಲುಕದೇ ಇರೋವಾಗ. ನೀವು ಬರೆದ ಕ್ಯಾಮೆರಾ ಅಡೀಲಿ ಡಿಫ್ರಾಸ್ಟ್ ಮುಚ್ಚೋಗಿದ್ದು ಓದಿ ನಂಗೆ ಸಂಕಟ ಆಯ್ತು. ನಾಳೆ ಬೆಳಗ್ಗೆ ನಮ್ಮ ತಂಡಕ್ಕೆ ಇದನ್ನ ಇಂಗ್ಲಿಷ್‌ಗೆ ಮಾಡಿ ಕಳಿಸ್ತೀನಿ, ನಿಮ್ಮ ಒಪ್ಪಿಗೆ ಇದ್ರೆ.

---

ತಿಪಟೂರು_ತೆಂಗು

ಖಂಡಿತ ಕಳಿಸಿ ಸರ್. ಯಾರಿಗಾದ್ರೂ ಉಪಯೋಗ ಆದ್ರೆ ಅದಕ್ಕಿಂತ ಇನ್ನೇನು ಬೇಕು.

---

ಹುಬ್ಳಿ_ಹೈದ (ಟೆಕ್ಸಾಸ್)

ನಿಮ್ಮಲ್ಲಿ ಥಂಡಿ ಚಿಂತಿ, ನಮ್ಮಲ್ಲಿ ಬಿಸಲಿಂದ ಚಿಂತಿ ನೋಡ್ರಿ. ಜುಲೈದಾಗ ಮಧ್ಯಾಹ್ನ ಮೂರಕ್ಕ ಗಾಡಿ ಬಯಲಾಗ ನಿಲ್ಲಿಸಿ ಬಂದು ಕುಂತ್ರ ಸ್ಕ್ರೀನ್ ಮ್ಯಾಲೆ ಕೈ ಇಡಾಕ ಆಗೂದಿಲ್ಲ, ಕಾದ ಹಂಚಿನಂಗ ಇರ್ತದ. ಸೂರ್ಯ ಹಿಂದಿನಿಂದ ಬಿದ್ರ ಬೆರಳಿನ ಎಣ್ಣಿ ಗುರ್ತು ಬಿಟ್ರ ಬ್ಯಾರೆ ಏನೂ ಕಾಣಂಗಿಲ್ಲ. ನಾ ಸಣ್ಣ ಅರಿವಿ ಒಂದು ಬಾಗಿಲದಾಗ ಇಟ್ಕೊಂಡೀನಿ, ದಿನಾ ಒರಸೂದ ಕೆಲಸ.

ಖರೇ ಹೇಳಬೇಕಂದ್ರ ನನಗ ಹೆಚ್ಚು ತ್ರಾಸ ಆಗೂದು ಕಚ್ಚಾ ರಸ್ತೆದಾಗ. ಹೊಲದ ಕಡೆ ಹೋಗ್ತೀನಿ, ಗಾಡಿ ಗಡಗಡ ಅಲಗಾಡ್ತದ, ಬೆರಳು ಒಂದು ಕಡೆ ಒತ್ತಾಕ ಹೋದ್ರ ಇನ್ನೊಂದು ಕಡೆ ಬೀಳ್ತದ. ಅದಕ್ಕ ನಾ ಏನ್ ಮಾಡ್ತೀನಿ ಅಂದ್ರ ಉಳಿದ ನಾಕು ಬೆರಳು ಸ್ಕ್ರೀನಿನ ಅಂಚಿಗೆ ಗಟ್ಟಿ ಹಿಡದು ಹೆಬ್ಬೆರಳಿಂದ ಒತ್ತೂದು. ಕೈ ಗಾಡಿ ಜೋಡಿನ ಅಲಗಾಡ್ತದ, ತಪ್ಪೂದಿಲ್ಲ. ನೀವೂ ಮಾಡಿ ನೋಡ್ರಿ, ಅಂಚಿನ ಹತ್ರ ಇರೂವಕ್ಕ ಛಲೋ ನಡೀತದ.

---

ಸಕಲೇಶಪುರ_ಕಾಫಿತೋಟ

ನಮ್ ಕಡೆ ಎಲೆಕ್ಟ್ರಿಕ್ ಪಿಕಪ್ ಓಡಾಡೋದು ಕಂಡಿಲ್ಲ, ನಂದು ಡೀಸೆಲ್ಲು, ಇಸುಜು ವಿ-ಕ್ರಾಸ್. ಆದ್ರೂ ಹೇಳ್ಬೇಕು ಅನ್ನಿಸ್ತು. ಅದ್ರಲ್ಲಿ ನಾಲ್ಕು ಚಕ್ರಕ್ಕೆ ಹಾಕೋದು ಒಂದು ಗುಂಡನೆ ನಾಬು. ಜುಲೈ ಮಳೇಲಿ ತೋಟದಿಂದ ಮೇಲೆ ಹತ್ತೋವಾಗ ಕೈಯೆಲ್ಲ ಕೆಸರು ಆಗಿರ್ತದೆ, ಆಳುಗಳು ಹಿಂದೆ ಕೂತಿರ್ತಾರೆ, ಕಣ್ಣು ಚರಂಡಿ ಮೇಲೇ ಇರ್ಬೇಕು. ಆ ನಾಬ್ ಟಕ್ ಅಂತ ಒಂದು ಮನೆ ತಿರುಗಿದ್ದು ಬೆರಳಿಗೇ ಗೊತ್ತಾಗ್ತದೆ, ನೋಡ್ಬೇಕಂತಿಲ್ಲ. ಹೋದ್ ತಿಂಗ್ಳು ಬೆಂಗಳೂರಲ್ಲಿ ಭಾವನ ಹೊಸ ಎಲೆಕ್ಟ್ರಿಕ್ ಕಾರು ಓಡಿಸ್ದೆ, ಗಾಡಿ ಹೋಗೋದು ಬೆಣ್ಣೆ ಬೆಣ್ಣೆ, ಆದ್ರೆ ಎಸಿ ಫ್ಯಾನ್ ಕಮ್ಮಿ ಮಾಡೋಕೆ ನೈಸ್ ರೋಡಲ್ಲಿ ಪಕ್ಕಕ್ಕೆ ನಿಲ್ಲಿಸ್ದೆ. ಅವರ ಮನೆ ಹುಡುಗ ಹಿಂದಿನ ಸೀಟಿಂದ ಬಗ್ಗಿ ಮಾಡ್ಕೊಟ್ಟ.

ನಮ್ ತೋಟದ ಗಾಡಿಗಳು ಎಲೆಕ್ಟ್ರಿಕ್ ಆಗೋ ಕಾಲ ಬಂದೇ ಬರ್ತದೆ, ದಿನಕ್ಕೆ ಮೂವತ್ತು ನಲವತ್ತು ಕಿಲೋಮೀಟರ್ ಓಡೋದು, ಇದಕ್ಕೆ ಸರಿಯಾಗಿದೆ. ಆ ಹೊತ್ತಿಗೆ ಈ ನಾಬ್ ಉಳಿಸ್ಕೊಂಡಿರ್ಲಿ ಅನ್ನೋದು ನನ್ ಆಸೆ.

---

ಮಿಚಿಗನ್_ಮಲ್ಲಿಗೆ

ನಮ್ಮನೇಲಿರೋದು ಫೋರ್ಡ್ ಎಫ್-150 ಲೈಟ್ನಿಂಗ್, ಮೂರು ವರ್ಷ ಆಯ್ತು, ನಾನೇ ಜಾಸ್ತಿ ಓಡ್ಸೋದು, ಇಬ್ರು ಮಕ್ಕಳನ್ನ ಈಜು ಕ್ಲಾಸಿಗೆ ಸಂಗೀತ ಕ್ಲಾಸಿಗೆ ಕರ್ಕೊಂಡು ಹೋಗೋದೆಲ್ಲ ಅದ್ರಲ್ಲೇ. ಇದ್ರಲ್ಲಿ 15.5 ಇಂಚಿನ ಸ್ಕ್ರೀನ್ ಉದ್ದಕ್ಕೆ ನಿಂತಿದೆ, ಆದ್ರೆ ಅದರ ಕೆಳಭಾಗದಲ್ಲಿ ಗಾಜಿನ ಮೇಲೇ ಒಂದು ನಿಜವಾದ ದುಂಡು ನಾಬ್ ಕೂರ್ಸಿದಾರೆ, ವಾಲ್ಯೂಮ್‌ಗೆ. ಹಿಂದಿನ ಸೀಟಲ್ಲಿ ಜಗಳ ಶುರುವಾದಾಗ ನನ್ನ ಕೈ ತಾನಾಗೇ ಅದ್ರ ಮೇಲೆ ಹೋಗುತ್ತೆ, ಹಾಡು ಕಮ್ಮಿ ಮಾಡಿ ಏನಾಯ್ತು ಅಂತ ಕೇಳೋ ಹೊತ್ತಿಗೆ ಕಣ್ಣು ರಸ್ತೆ ಬಿಟ್ಟಿರಲ್ಲ. ಆಮೇಲೆ ಟ್ರೇಲರ್ ಬ್ರೇಕ್ ಕಂಟ್ರೋಲ್ ತಗೊಂಡಿದ್ರೆ ಅದೂ ಕೈಯಲ್ಲಿ ಒತ್ತೋ ಥರದ್ದೇ. ಅದೇ ಲೈಟ್ನಿಂಗ್‌ನ ಕಮ್ಮಿ ಬೆಲೆ ಮಾಡೆಲ್‌ನಲ್ಲಿ 12 ಇಂಚಿನ ಅಡ್ಡ ಸ್ಕ್ರೀನು, ಅದರ ಕೆಳಗೆ ಎಸಿಗೆ ಬಟನ್‌ಗಳೇ ಇವೆ. ದುಡ್ಡು ಜಾಸ್ತಿ ಕೊಟ್ಟೋರಿಗೆ ಬಟನ್ ಕಮ್ಮಿ! ಇದು ನನಗಂತೂ ಅರ್ಥ ಆಗಿಲ್ಲ ಇವತ್ತಿನವರೆಗೂ.

ತಿಪಟೂರು ಅಣ್ಣ, ನಿಮಗೊಂದು ಪ್ರಶ್ನೆ. ಪಕ್ಕದ ಸೀಟಲ್ಲಿ ಕೂರೋರಿಗೆ ಹೇಗೆ ಆಗುತ್ತೆ ನಿಮ್ಮ ಗಾಡೀಲಿ? ನಮ್ಮತ್ತೆ ಬಂದಾಗ ಅವರಿಗೆ ಸ್ಕ್ರೀನ್ ಮುಟ್ಟೋಕೇ ಭಯ, ಏನಾದ್ರೂ ಕೆಟ್ಟೋಗುತ್ತೆ ಅಂತ.

---

ತಿಪಟೂರು_ತೆಂಗು

ಅಕ್ಕ, ನೀವು ಕೇಳಿದ್ದು ಒಳ್ಳೇದಾಯ್ತು. ಇದನ್ನ ಮೊದಲ ಪೋಸ್ಟಲ್ಲಿ ಬರೆಯೋಣ ಅಂತಿದ್ದೆ, ಬರೆಯೋಕಾಗ್ಲಿಲ್ಲ.

ಅಪ್ಪ ಹೋದ ಸೆಪ್ಟೆಂಬರ್‌ನಲ್ಲಿ ಬಂದು ಮೂರು ತಿಂಗಳು ನಮ್ಮ ಜೊತೆ ಇದ್ರು. ಎಪ್ಪತ್ತನಾಲ್ಕು ವರ್ಷ, ಮೂವತ್ತು ವರ್ಷಕ್ಕಿಂತ ಜಾಸ್ತಿ ಟ್ರ್ಯಾಕ್ಟರ್ ಓಡ್ಸಿದ ಕೈ. ಉಳೋವಾಗ ಹಿಂದೆ ತಿರುಗಿ ನೇಗಿಲ ಸಾಲು ನೋಡ್ತಾ, ಮುಂದೆ ಕೈಯನ್ನ ಲಿವರ್ ಮೇಲೆ ಇಟ್ಕೊಂಡು ಎಷ್ಟು ಎತ್ಬೇಕೋ ಅಷ್ಟೇ ಎತ್ತೋರು. ಆ ಲಿವರ್‌ನ ಅವರು ನೋಡಿದ್ದನ್ನ ನಾನು ಕಂಡಿಲ್ಲ.

ಅಕ್ಟೋಬರ್ ಕೊನೇಲಿ ನಾರ್ತ್ ಶೋರ್ ಕಡೆ ಹೋಗಿದ್ವಿ, ಸುಪೀರಿಯರ್ ಸರೋವರ ತೋರ್ಸೋಣ ಅಂತ. ನಮ್ಮ ಗಾಡೀಲಿ ಗಾಳಿ ಬರೋ ವೆಂಟಿಗೆ ಕೈಯಲ್ಲಿ ತಿರುಗಿಸೋ ಕಿವಿ ಇಲ್ಲ. ಗಾಳಿ ಯಾವ ಕಡೆ ಹೋಗ್ಬೇಕು ಅನ್ನೋದನ್ನೂ ಸ್ಕ್ರೀನ್ ಮೇಲೇ ಬೆರಳು ಜಾರಿಸಿ ಹೇಳ್ಬೇಕು. ಎರಡೂವರೆ ಗಂಟೆ ದಾರಿ. ಟು ಹಾರ್ಬರ್ಸ್‌ನಲ್ಲಿ ಕಾಫಿಗೆ ನಿಲ್ಲಿಸ್ದಾಗ ಪಕ್ಕಕ್ಕೆ ತಿರುಗಿ ನೋಡಿದ್ರೆ, ಅಪ್ಪ ಹೆಗಲ ಮೇಲಿನ ಟವಲ್ ತೆಗೆದು ನಾಲ್ಕು ಮಡಿಕೆ ಮಾಡಿ ವೆಂಟ್‌ಗೆ ಅಡ್ಡ ಒತ್ತಿ ಹಿಡ್ಕೊಂಡಿದಾರೆ. ಗಾಳಿ ನೇರ ಕಿವಿಗೆ ಹೊಡೀತಿತ್ತಂತೆ. ಮೊದಲು ಕೈಯಲ್ಲಿ ತಡವಿ ನೋಡಿದಾರೆ, ತಿರುಗಿಸೋಕೆ ಏನೂ ಸಿಕ್ಕಿಲ್ಲ. "ಹೇಳ್ಬಾರ್ದಿತ್ತಾ ಅಪ್ಪ" ಅಂದೆ. "ನೀನು ಗಾಡಿ ಓಡಿಸ್ತಿದ್ಯಲ್ಲೋ, ಇದಕ್ಕೆ ನೀನು ಆ ಸ್ಕ್ರೀನ್ ನೋಡ್ಬೇಕು, ನೋಡ್ದೇ ಆಗಲ್ಲ ಅಂತ ಅರ್ಥ ಆಯ್ತು, ಅದಕ್ಕೇ ಸುಮ್ನಿದ್ದೆ" ಅಂದ್ರು.

ಎರಡೂವರೆ ಗಂಟೆ ಟವಲ್ ಹಿಡ್ಕೊಂಡು ಕೂತಿದ್ರು. ಇದನ್ನ ಬರೀತಾನೂ ಗಂಟಲು ಕಟ್ತಿದೆ ನಂಗೆ.

---

ಮಂಡ್ಯ_ರಾಗಿ

ಅಣ್ಣ, ಇದನ್ನ ಓದಿ ನಂಗೆ ಹೇಳೋಕೆ ಮಾತಿಲ್ಲ. ವೆಂಟಿನ ವಿಷಯ ನಾನು ಯೋಚನೇನೇ ಮಾಡಿರ್ಲಿಲ್ಲ, ಯಾಕಂದ್ರೆ ಪಕ್ಕದ ಸೀಟಲ್ಲಿ ನಾನು ಕೂತೇ ಇಲ್ಲ. ನಮ್ಮಮ್ಮ ಬಂದಾಗ ಏನ್ ಮಾಡಿದ್ರೋ ಈಗ ಕೇಳ್ತೀನಿ.

---

ಕಾರವಾರ_ಕಡಲು

ನಾನು ಹಡಗಿನ ಕೆಲಸದವ, ಡೆಕ್ ಆಫೀಸರ್. ಈಗ ರಜೇಲಿ ಊರಲ್ಲಿದ್ದೇನೆ. ನಮ್ಮ ಕ್ಷೇತ್ರದಲ್ಲಿ ಇದೇ ಚರ್ಚೆ ಆಗಿ ಹೋಗಿದೆ, ಅದನ್ನ ಹೇಳ್ತೇನೆ.

2017ರ ಆಗಸ್ಟ್ 21ಕ್ಕೆ ಅಮೆರಿಕ ನೌಕಾಪಡೆಯ ಜಾನ್ ಎಸ್. ಮೆಕೇನ್ ಅನ್ನೋ ಯುದ್ಧನೌಕೆ ಸಿಂಗಾಪುರ ಜಲಸಂಧಿ ಹತ್ರ ಅಲ್ನಿಕ್ ಎಂಸಿ ಅನ್ನೋ ಟ್ಯಾಂಕರಿಗೆ ಡಿಕ್ಕಿ ಹೊಡೀತು. 10 ಜನ ನಾವಿಕರು ಸತ್ತರು. ಆ ನೌಕೇಲಿ ಚುಕ್ಕಾಣಿ ಯಾವ ಕನ್ಸೋಲ್ (ನಿಯಂತ್ರಣ ಮೇಜು) ಕೈಲಿದೆ, ಎರಡು ಪ್ರೊಪೆಲ್ಲರಿನ ವೇಗ ಯಾರ ಕೈಲಿದೆ ಅನ್ನೋದೆಲ್ಲ ಟಚ್‌ಸ್ಕ್ರೀನ್ ಮೇಲೆ ಬದಲಾಯಿಸೋ ವ್ಯವಸ್ಥೆ ಇತ್ತು. ಬದಲಾಯಿಸುವಾಗ ಗೊಂದಲ ಆಯ್ತು. ಚುಕ್ಕಾಣಿ ಬೇರೆ ಕನ್ಸೋಲಿಗೆ ಹೋಗಿತ್ತು, ಹಿಡಿದವನಿಗೆ ಚುಕ್ಕಾಣಿ ಕೆಟ್ಟೇ ಹೋಯ್ತು ಅನ್ನಿಸ್ತು. ವೇಗ ಕಮ್ಮಿ ಮಾಡಿದಾಗ ಎರಡು ಪ್ರೊಪೆಲ್ಲರಲ್ಲಿ ಒಂದೇ ಕಮ್ಮಿ ಆಯ್ತು, ಹಡಗು ಒಂದು ಬದಿಗೆ ತಿರುಗಿತು. ತರಬೇತಿ ಸಾಲದ್ದು, ನಿದ್ದೆಗೆಟ್ಟದ್ದು ಎಲ್ಲ ಸೇರಿತ್ತು ತನಿಖೇಲಿ, ಸ್ಕ್ರೀನೊಂದೇ ಅಂತ ಹೇಳ್ಲಿಕ್ಕಾಗುದಿಲ್ಲ. ಆದ್ರೆ ಆಮೇಲೆ 2019ರಲ್ಲಿ ನೌಕಾಪಡೆ ಆ ವರ್ಗದ ನೌಕೆಗಳಿಗೆ ವಾಪಸ್ ಕೈಯಲ್ಲಿ ಹಿಡಿದು ತಳ್ಳುವ ಥ್ರಾಟಲ್ (ವೇಗದ ಲಿವರ್) ಹಾಕ್ತೇವೆ ಅಂತ ತೀರ್ಮಾನ ಮಾಡ್ತು.

ಲಿವರ್ ಎಲ್ಲಿದೆ ಅಂತ ನೋಡಿದ್ರೆ ವೇಗ ಎಷ್ಟಿದೆ ಅಂತ ಗೊತ್ತಾಗ್ತದೆ, ಮುಟ್ಟಿದ್ರೂ ಗೊತ್ತಾಗ್ತದೆ. ನಮ್ಮ ಹಡಗು ನಡೆಸುವ ಕೋಣೆ, ಬ್ರಿಜ್‌ನಲ್ಲಿ ರಾತ್ರಿ ದೀಪ ಇರುದಿಲ್ಲ, ಹೊರಗಿನದು ಕಾಣ್ಬೇಕಲ್ಲ. ಕೈಯೇ ಕಣ್ಣು ಅಲ್ಲಿ. ಪೇಟೆಯೊಳಗೆ ರಾತ್ರಿ ಕಾರು ಓಡಿಸುವಾಗ ಮುಖದ ಪಕ್ಕದಲ್ಲಿ ಅಷ್ಟು ದೊಡ್ಡ ಬೆಳಕಿನ ಹಲಗೆ ಇಟ್ಕೊಳ್ಳೂದು ನಂಗೆ ಇವತ್ತಿಗೂ ಒಗ್ಗಿಲ್ಲ.

---

ಸ್ಕ್ರೀನ್_ಕೆಲಸ_ಬೆಂಗಳೂರು

ಕಾರವಾರ ಸರ್, ಈ ಘಟನೆ ನಮ್ಮಲ್ಲಿ ಟ್ರೇನಿಂಗಲ್ಲೂ ಹೇಳ್ತಾರೆ. ಅದರ ಜೊತೆಗೆ ಇನ್ನೊಂದೂ ಹೇಳ್ತಾರೆ. 2022ರಲ್ಲಿ ಸ್ವೀಡನ್ನಿನ ವಿ ಬಿಲಾಗಾರೆ ಅನ್ನೋ ಕಾರು ಪತ್ರಿಕೆಯವ್ರು ಹನ್ನೊಂದು ಹೊಸ ಕಾರು, ಒಂದು 2005ರ ಹಳೇ ವೋಲ್ವೊ ವಿ70 ತಗೊಂಡು ಗಂಟೆಗೆ 110 ಕಿಲೋಮೀಟರ್ ವೇಗದಲ್ಲಿ ಒಂದೇ ಥರದ ನಾಲ್ಕು ಕೆಲಸ ಮಾಡಿಸಿದ್ರು: ಸೀಟ್ ಹೀಟರ್ ಹಾಕಿ ಡಿಫ್ರಾಸ್ಟ್ ಮಾಡೋದು, ರೇಡಿಯೋ ಚಾನೆಲ್ ಬದಲಾಯಿಸೋದು, ಇಂಥವೇ. ಓಡಿಸೋರಿಗೆ ಮೊದಲೇ ಅಭ್ಯಾಸಕ್ಕೆ ಸಮಯ ಕೊಟ್ಟಿದ್ರು. ಹಳೇ ವೋಲ್ವೊದಲ್ಲಿ ನಾಲ್ಕೂ ಮುಗಿಯೋಕೆ 10 ಸೆಕೆಂಡ್, 306 ಮೀಟರ್. ಕೊನೇಲಿ ಬಂದ ಕಾರಲ್ಲಿ 44.9 ಸೆಕೆಂಡ್, 1,372 ಮೀಟರ್. ಒಂದೂಕಾಲು ಕಿಲೋಮೀಟರ್‌ಗೂ ಜಾಸ್ತಿ.

ಗಾಳಿ ತಿರುಗ್ತಿದೆ ಅನ್ನೋದಕ್ಕೂ ಗುರುತಿದೆ. ಕಾರುಗಳ ಸುರಕ್ಷತೆಗೆ ಅಂಕ ಕೊಡೋ ಯುರೋಪಿನ ಸಂಸ್ಥೆ ಯುರೋ ಎನ್‌ಕ್ಯಾಪ್ 2026ರಿಂದ ಇಂಡಿಕೇಟರ್, ಹಜಾರ್ಡ್, ಹಾರ್ನ್, ವೈಪರ್, ತುರ್ತು ಕರೆ ಈ ಐದಕ್ಕೂ ಕೈಯಲ್ಲಿ ಹಿಡಿಯೋ ಬಟನ್ ಅಥವಾ ಕಡ್ಡಿ ಇದ್ರೇನೇ ಆ ಅಂಕ ಅಂತ ಮಾಡಿದೆ. ಡಿಫ್ರಾಸ್ಟ್ ಅದರಲ್ಲಿಲ್ಲ. ತಿಪಟೂರು ಸರ್ ಹೇಳಿದ ನಾಲ್ಕರಲ್ಲಿ ಡಿಫ್ರಾಸ್ಟ್ ಮೊದಲು ಇರೋದು ಎಷ್ಟು ಸರಿ ಅಂತ ನಂಗೆ ಈಗ ಅನಿಸ್ತಿದೆ. ಗಾಜು ಕಾಣದಿದ್ರೆ ಇಂಡಿಕೇಟರ್ ಇದ್ದು ಏನು ಮಾಡೋದು?

ಹೊಸದಾಗಿ ಶುರುವಾದ ಸಮಸ್ಯೆನೂ ಅಲ್ಲ ಇದು. ಬ್ಯೂಕ್ ರಿವಿಯೆರಾ ಕಾರಲ್ಲಿ 1986ರಲ್ಲೇ ಟಚ್‌ಸ್ಕ್ರೀನ್ ಇತ್ತು, ಹಳೇ ಟಿವಿ ಥರದ ಸಣ್ಣ ಪರದೆ, ರೇಡಿಯೋ ಎಸಿ ಎರಡೂ ಅದ್ರಲ್ಲೇ. ಕಣ್ಣು ರಸ್ತೆ ಬಿಡುತ್ತೆ ಅಂತ ಜನ ಬೈದ್ರು, ನಾಲ್ಕು ವರ್ಷಕ್ಕೆ ತೆಗೆದ್ರು.

---

ಹುಬ್ಳಿ_ಹೈದ

ಸ್ಕ್ರೀನ್ ಪೂರಾ ಬಂದ್ ಬಿದ್ದದ್ದು ಯಾರಿಗರ ಆಗೇದೇನ್ರಿ? ನಂದು ಒಮ್ಮೆ ಆಗಿತ್ತು, ನಿಂತಾಗ.

---

ತಿಪಟೂರು_ತೆಂಗು

ನನಗೆ ಓಡ್ತಿರೋವಾಗಲೇ ಆಗಿದೆ, ಎರಡು ವರ್ಷದಲ್ಲಿ ಎರಡು ಸಲ. ಒಂದ್ಸಲ ಒಂದೂವರೆ ನಿಮಿಷ ಪೂರ್ತಿ ಕಪ್ಪು. ಗಾಡಿ ಓಡ್ತಾ ಇತ್ತು, ಬ್ರೇಕ್, ಸ್ಟೀರಿಂಗ್ ಏನೂ ಆಗ್ಲಿಲ್ಲ, ಸ್ಟೀರಿಂಗ್ ಹಿಂದಿನ ಚಿಕ್ಕ ಸ್ಕ್ರೀನಲ್ಲಿ ಸ್ಪೀಡ್ ಕಾಣ್ತಿತ್ತು. ಹೀಟರ್ ಯಾವುದರಲ್ಲಿ ಇತ್ತೋ ಅದರಲ್ಲೇ ಇತ್ತು. ಏನೂ ಬದಲಾಯಿಸೋಕೆ ಮಾತ್ರ ಆಗಲ್ಲ. ಪಕ್ಕಕ್ಕೆ ನಿಲ್ಸಿ ರೀಸ್ಟಾರ್ಟ್ ಮಾಡ್ದೆ, ಬಂತು. ಸರ್ವೀಸಲ್ಲಿ ಕೇಳಿದ್ರೆ ಮುಂದಿನ ಅಪ್‌ಡೇಟಲ್ಲಿ ಸರಿ ಹೋಗುತ್ತೆ ಅಂದ್ರು, ಅದಾದ್ಮೇಲೆ ಬಂದಿಲ್ಲ, ನಿಜ.

ನಿಮ್ಮ ಗಾಡೀಲಿ ಸ್ಕ್ರೀನ್ ರೀಸ್ಟಾರ್ಟ್ ಮಾಡೋದು ಹೇಗೆ ಅಂತ ಎಲ್ರೂ ಇವತ್ತೇ ಮ್ಯಾನ್ಯುಯಲ್ ನೋಡಿ ತಿಳ್ಕೊಳ್ಳಿ. ಕತ್ತಲಲ್ಲಿ, ಹಿಮದಲ್ಲಿ, ಮಕ್ಕಳು ಹಿಂದೆ ಕೂತಿರೋವಾಗ ಫೋನಲ್ಲಿ ಹುಡುಕೋ ಪರಿಸ್ಥಿತಿ ಬೇಡ. ಅದರ ಜೊತೆ ಹಜಾರ್ಡ್ ಬಟನ್ ಎಲ್ಲಿದೆ ಅಂತ ಕಣ್ಮುಚ್ಚಿ ಮುಟ್ಟಿ ನೋಡಿ.

---

ಸ್ಕ್ರೀನ್_ಕೆಲಸ_ಬೆಂಗಳೂರು

ಒಂದು ಸೇರಿಸ್ತೀನಿ. ಸ್ಕ್ರೀನ್ ಸಾಯೋದಕ್ಕೆ ಒಂದು ಕಾರಣ ಅದರ ಹಿಂದಿನ ಮೆಮೊರಿ ಚಿಪ್ಪು. ಅದಕ್ಕೆ ಇಷ್ಟೇ ಸಲ ಬರೆಯೋಕಾಗೋದು ಅಂತ ಮಿತಿ ಇರುತ್ತೆ. 2021ರಲ್ಲಿ ಟೆಸ್ಲಾದ ಹಳೇ ಮಾಡೆಲ್ ಎಸ್, ಮಾಡೆಲ್ ಎಕ್ಸ್ ಸುಮಾರು 1,35,000 ಗಾಡಿ ರೀಕಾಲ್ ಆಗಿದ್ದು ಇದಕ್ಕೇ, 8 ಜಿಬಿ ಚಿಪ್ ಸವೆದು ಹೋಗಿ ಹಿಂದಿನ ಕ್ಯಾಮೆರಾ, ಡಿಫ್ರಾಸ್ಟ್ ಎರಡೂ ಸಿಗದ ಹಾಗೆ ಆಗ್ತಿತ್ತು. ಸೆಕೆಂಡ್ ಹ್ಯಾಂಡ್ ಎಲೆಕ್ಟ್ರಿಕ್ ಗಾಡಿ ನೋಡೋರು ಬ್ಯಾಟರಿ ಆರೋಗ್ಯ ಕೇಳ್ತಾರೆ, ಸ್ಕ್ರೀನ್ ಯಾವಾಗ ಬದಲಾಯಿಸಿದ್ದು ಅಂತಲೂ ಕೇಳಿ.

ಮತ್ತೆ ತಿಪಟೂರು ಸರ್, ತಂಡಕ್ಕೆ ಕಳಿಸ್ದೆ. ಕ್ಯಾಮೆರಾ ಹಾಕಿದಾಗ್ಲೂ ಡಿಫ್ರಾಸ್ಟ್ ಸಾಲು ಮುಚ್ಬಾರ್ದು ಅಂತ ನಮ್ಮ ಈಗಿನ ಪ್ರಾಜೆಕ್ಟಲ್ಲಿ ಒಂದು ನಿಯಮ ಸೇರ್ಸಿದೀವಿ. ನಿಮ್ಮ ಗಾಡಿ ನಮ್ಮದಲ್ಲ, ನಿಮಗೆ ಸಹಾಯ ಆಗಲ್ಲ, ಆದ್ರೂ ಹೇಳ್ಬೇಕನ್ನಿಸ್ತು.

---

ತಿಪಟೂರು_ತೆಂಗು

ಸರ್ ಕೈ ಮುಗಿದೆ. ಎಲ್ಲೋ ಒಬ್ಬರ ಗಾಜು ಬೇಗ ಕಾಣುತ್ತಲ್ಲ, ಸಾಕು.

ಮೂರು ವಾರ ಆಯ್ತು, ನಾನೇನು ಮಾಡ್ದೆ ಅಂತ ಹೇಳ್ತೀನಿ. ಸ್ಟೀರಿಂಗ್ ಮೇಲಿನ ಒಂದು ಬಟನ್‌ಗೆ ಬೇಕಾದ ಕೆಲಸ ಕೊಡ್ಬೋದು ಅಂತ ಸೆಟ್ಟಿಂಗಲ್ಲಿ ಸಿಕ್ತು, ಅದನ್ನ ಕ್ಯಾಮೆರಾ ಹಾಕೋಕೆ ತೆಗೆಯೋಕೆ ಕೊಟ್ಟೆ, ಈಗ ಹೆಬ್ಬೆರಳಲ್ಲೇ ಕ್ಯಾಮೆರಾ ಹೋಗುತ್ತೆ. ಡಿಫ್ರಾಸ್ಟ್ ಇರೋದು ಎಡಗಡೆ ಕೆಳಮೂಲೇಲಿ. ಅದಕ್ಕೆ ನೇರ ಕೆಳಗೆ, ಗಾಜಿನ ಹೊರಗಿನ ಚೌಕಟ್ಟಿನ ಮೇಲೆ, ಒಂದು ಸಣ್ಣ ರಬ್ಬರ್ ಚುಕ್ಕಿ ಅಂಟಿಸ್ದೆ. ಹುಬ್ಳಿ ಅಣ್ಣ ಹೇಳಿದ ಹಾಗೆ ಮಿಕ್ಕ ಬೆರಳು ಅಂಚಿಗೆ ಹಿಡಿದು, ನಡುಬೆರಳು ಚುಕ್ಕಿ ಮೇಲೆ ಇಟ್ರೆ ತೋರುಬೆರಳು ಸರಿಯಾಗಿ ಡಿಫ್ರಾಸ್ಟ್ ಮೇಲೆ ಬೀಳುತ್ತೆ. ಗ್ಯಾರೇಜಲ್ಲಿ ನಿಲ್ಸಿ ಕಣ್ಮುಚ್ಚಿ ಐವತ್ತು ಸಲ ಅಭ್ಯಾಸ ಮಾಡ್ದೆ. ವಾಹಕ ದಾರ ನೇಯ್ದಿರೋ ತೆಳು ಗ್ಲೌಸ್ ಒಂದು ಜೊತೆ ತಗೊಂಡು, ದಪ್ಪ ಗ್ಲೌಸ್ ಒಳಗೆ ಅದನ್ನ ಹಾಕ್ಕೋತೀನಿ. ಹೋದ ಶನಿವಾರ ಎಂಟು ಇಂಚು ಹಿಮ ಬಿದ್ದಾಗ ಟ್ರೇಲರ್ ಹಾಕ್ಕೊಂಡೇ ಹೋಗಿ ಬಂದೆ, ಮೂರು ಸಲ ಡಿಫ್ರಾಸ್ಟ್ ಒತ್ತಿದೆ, ಮೂರು ಸಲಾನೂ ನೋಡ್ದೇನೇ ಸಿಕ್ತು. ಅಪ್‌ಡೇಟ್ ಬಂದು ಆ ಸಾಲು ಜರುಗಿಸಿದ್ರೆ ಚುಕ್ಕಿ ಕಿತ್ತು ಬೇರೆ ಕಡೆ ಅಂಟಿಸ್ಬೇಕು.

ಅಪ್ಪ ಮೇ ತಿಂಗಳಲ್ಲಿ ಮತ್ತೆ ಬರ್ತಿದಾರೆ. ಪಕ್ಕದ ಸೀಟಿನ ಗಾಳಿ ಕಾಲ ಕಡೆಗೆ ಮಾತ್ರ ಬರೋ ಹಾಗೆ ಮಾಡಿ, ಬೇರೆ ಪ್ರೊಫೈಲ್ ಮಾಡಿ ಅವರ ಹೆಸರಲ್ಲೇ ಸೇವ್ ಮಾಡಿಟ್ಟಿದೀನಿ.

---

ಹುಬ್ಳಿ_ಹೈದ

ಆ ರಬ್ಬರ್ ಚುಕ್ಕಿ ಎಲ್ಲಿ ಸಿಕ್ತು ರೀ? ನಮ್ಮ ಬಿಸಲಿಗೆ ಅಂಟು ಉಳಿತದೋ ಇಲ್ಲೋ.

---

ತಿಪಟೂರು_ತೆಂಗು

ಹಾರ್ಡ್‌ವೇರ್ ಅಂಗಡೀಲಿ ಸಿಗುತ್ತೆ ಅಣ್ಣ, ಅಡುಗೆಮನೆ ಕಪಾಟಿನ ಬಾಗಿಲು ಶಬ್ದ ಮಾಡ್ಬಾರ್ದು ಅಂತ ಅಂಟಿಸ್ತಾರಲ್ಲ, ಅದೇ. ಪಾರದರ್ಶಕದ್ದು ಬೇಡ, ಗುಮ್ಮಟದ ಥರ ಉಬ್ಬಿರೋ ಗಟ್ಟಿ ಕಪ್ಪು ಚುಕ್ಕಿ ತಗೊಳ್ಳಿ, ಬೆರಳಿಗೆ ಚೆನ್ನಾಗಿ ಗೊತ್ತಾಗುತ್ತೆ. ಅಂಟಿಸೋ ಮುಂಚೆ ಜಾಗಾನ ಸ್ಪಿರಿಟ್ ಹಚ್ಚಿ ಒರೆಸಿ, ಒಂದು ರಾತ್ರಿ ಹಾಗೇ ಬಿಡಿ. ಚಳೀಗಂತೂ ನಿಂತಿದೆ. ಒಂದೆರಡು ಜಾಸ್ತಿ ಇದೆ ನನ್ನ ಹತ್ರ, ವಿಳಾಸ ಮೆಸೇಜ್ ಮಾಡಿ, ಕವರಲ್ಲಿ ಹಾಕಿ ಕಳಿಸ್ತೀನಿ, ಬಿಸಿಲಲ್ಲಿ ಎಷ್ಟು ದಿನ ಬರುತ್ತೆ ಅಂತ ಜುಲೈಲಿ ಇಲ್ಲೇ ಬರೀರಿ.